ತಂತಿಯ ಮೂರು ಸುತ್ತು

ಭಾನುವಾರ, ಸಂಜೆ

ಅಮ್ಮಾ,

ಮೊದಲು ಕೂತುಕೋ, ಆಮೇಲೆ ಓದು. ಈಜು ಕಲಿಯುತ್ತಿದ್ದೇನೆ ಎಂದು ನಿನಗೆ ಬರೆದದ್ದು ಅರ್ಧ ಸತ್ಯ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ಕಲಿತೆ. ಇವತ್ತು ಬೆಳಿಗ್ಗೆ ಮೂರನೇ ಸಲ ಅಜ್ಜನ ಮುಳುಗಿದ ಹಡಗಿನ ಒಳಗೆ ಹೋಗಿಬಂದೆ.

ಹೆದರಬೇಡ, ಎರಡು ಮಾಳಿಗೆಯ ಮನೆಯಷ್ಟೇ ಆಳ. ಬಿಸಿಲು ತಳದವರೆಗೂ ಇಳಿಯುತ್ತದೆ. ಹಡಗು ಎಡಮಗ್ಗುಲಾಗಿ ಮಲಗಿದೆ. ಅದು ತಲೆಗೆ ಹೋಗದೆ ಎರಡು ದಿನ ಎಂಜಿನ್ ಕೋಣೆಯ ಬಲಗೋಡೆಯನ್ನು ನನ್ನ ಬಲಕ್ಕೇ ಹುಡುಕಿದೆ. ಮುಳುಗುವುದನ್ನು ಕಲಿಸಿದ ಮೇಷ್ಟ್ರು ಹಿಂದೆ ಹಡಗು ರಿಪೇರಿ ಮಾಡುತ್ತಿದ್ದವರು. ಇವತ್ತು ಅವರು ನನ್ನ ಗಲ್ಲ ಹಿಡಿದು ಮುಖವನ್ನು ಮೇಲಕ್ಕೆತ್ತಿದರು. ಬಲಗೋಡೆ ನನ್ನ ತಲೆಯ ಮೇಲೆ ಛಾವಣಿಯಾಗಿತ್ತು.

ಸಮುದ್ರದ ನೀರನ್ನು ಎಂಜಿನ್ನಿಗೆ ಬಿಡುವ ವಾಲ್ವು ಅಲ್ಲೇ ಇತ್ತು. ಹಡಗು ಬಂಡೆಗೆ ತಾಗಿದಾಗ ಎಂಜಿನ್ ನೋಡಿಕೊಳ್ಳುತ್ತಿದ್ದ ಅಜ್ಜ ಅದನ್ನು ಮುಚ್ಚದೆ ಓಡಿಬಂದರು, ಅದರಿಂದಲೇ ಮುಳುಗಿತು ಎಂದು ವಿಚಾರಣೆಯವರು ಬರೆದರು. ಬಂದರಿನ ವಸ್ತುಸಂಗ್ರಹಾಲಯದ ಫಲಕದಲ್ಲೂ ಅದೇ. ವಿಚಾರಣೆಯ ಕಾಗದಗಳಲ್ಲಿ ಅಜ್ಜನದು ಒಂದೇ ಉತ್ತರ: "ಮುಚ್ಚಿದ್ದೀನಿ. ತಂತೀನೂ ಕಟ್ಟಿದ್ದೀನಿ." ಯಾರೂ ನಂಬಲಿಲ್ಲ. ನೀನು ಶಾಲೆಯಲ್ಲಿ 'ಓಡಿಬಂದವನ ಮಗಳು' ಆದೆ.

ಪಾಚಿ ಕೆರೆದೆ. ವಾಲ್ವಿನ ಚಕ್ರವನ್ನು ಪಕ್ಕದ ಕೊಳವೆಗೆ ಬಿಗಿದ ತಾಮ್ರದ ತಂತಿ. ಮೂರು ಸುತ್ತು, ತುದಿ ಒಳಕ್ಕೆ ಮಡಚಿತ್ತು. ಮೇಷ್ಟ್ರು ಚಕ್ರದ ನಡುವಿನ ದಂಡವನ್ನು ಬೆರಳಿಂದ ಸವರಿ, ಅದು ಪೂರ್ತಿ ಒಳಗಿಳಿದಿದೆ ಎಂದು ಕೈಯಲ್ಲಿ ತೋರಿಸಿದರು. ಮುಚ್ಚಿತ್ತು ಅಮ್ಮ, ಪೂರ್ತಿ. ನೀರೊಳಗೆ ಕೂಗಬಾರದು ಎಂದು ಮೊದಲ ದಿನವೇ ಕಲಿಸಿದ್ದರು. ಕೂಗಿದೆ. ಬಾಯಿ ತುಂಬ ಉಪ್ಪು.

ದೋಣಿ ಹತ್ತಿದ ಮೇಲೆ ಮೇಷ್ಟ್ರು ಮುಖ ಒರೆಸಿಕೊಂಡು, "ನಿಮ್ಮಜ್ಜ ಬಲು ಅನುಮಾನದ ಮನುಷ್ಯ ಕಣಮ್ಮ. ಇಷ್ಟು ವರ್ಷ ಸಮುದ್ರಕ್ಕೂ ಬಿಚ್ಚೋಕೆ ಬಿಟ್ಟಿಲ್ಲ" ಎಂದರು.

ವಸ್ತುಸಂಗ್ರಹಾಲಯದ ಅಧಿಕಾರಿಗೆ ನೀರೊಳಗೆ ತೆಗೆದ ಫೋಟೊ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ತಾವೇ ಸ್ಕ್ರೂಡ್ರೈವರ್ ತಂದು ಫಲಕವನ್ನು ಗೋಡೆಯಿಂದ ಬಿಚ್ಚಿದರು. ಹೊಸದರ ಸಾಲುಗಳನ್ನು ಮಗಳೇ ಬರೆದುಕೊಡಲಿ ಎಂದರು. ಮಗಳೆಂದರೆ ನಾನಲ್ಲ, ನೀನು.

ಇಂತು ನಿನ್ನ ಸುಳ್ಳುಗಾತಿ,
ಓಡಿಬಾರದವರ ಮೊಮ್ಮಗಳು

ತಾ.ಕ.: ನೀನು ಅಜ್ಜನ ಪರವಾಗಿ ಒಂದು ಮಾತೂ ಆಡಿದ್ದನ್ನು ನಾನು ಕೇಳಿಲ್ಲ, ನೀನೂ ನಂಬಲಿಲ್ಲವೆಂದೇ ತಿಳಿದಿದ್ದೆ. ಮನೆ ಬೀಗ ಹಾಕಿ ಹೊರಡುವಾಗಲೆಲ್ಲ ನೀನು ನೀರಿನ ಟ್ಯಾಂಕಿನ ವಾಲ್ವಿಗೆ ತಂತಿ ಕಟ್ಟುತ್ತಿದ್ದೆಯಲ್ಲ, ಬಸ್ಸು ತಪ್ಪುತ್ತದೆ ಎಂದು ನಾನು ಗೊಣಗುತ್ತಿದ್ದೆ. ಅದು ಎಷ್ಟು ಸುತ್ತು ಎಂದು ಇವತ್ತು ನೀರಿನೊಳಗೆ ನೆನಪಾಯಿತು.