ಅಳಿಯನಿಗೆ ಅಗ್ಗದ ಮೆಟ್ಟಿಲು

ಏಪೆಕ್ಸ್, ನಾರ್ತ್ ಕ್ಯಾರೊಲೈನಾ
ಅಕ್ಟೋಬರ್ 9, 2023

ಬೇಟೆಗಾರ ಅಳಿಯ ಚಿ. ಮಯೂರನಿಗೆ,

ಹೇಗಿದ್ದೀಯಪ್ಪ? ಸ್ಟರ್ಲಿಂಗಿನಲ್ಲಿ ಚಳಿ ಶುರುವಾಯಿತೇ? ಚಿತ್ರಾಳ ಕೆಮ್ಮು ಇಳಿಯಿತೇ? ನಿಮ್ಮತ್ತೆ ಕ್ಷೇಮ. ನನ್ನ ಬಿಪಿ ನಿನ್ನ ಫೋನ್ ಬರುವವರೆಗೂ ಚೆನ್ನಾಗಿಯೇ ಇತ್ತು.

"ಮಾವ, ಜಿಂಕೆ ಬೇಟೆಗೆ ಮರ ಹತ್ಬೇಕು, ಚೀಪಾಗಿರೋ ಸ್ಟೆಪ್ಸ್ ಯಾವ್ದು ತಗೊಳ್ಲಿ? ಚಿತ್ರಾಗೆ ಹೇಳ್ಬೇಡಿ" ಎಂದು ನೀನು ಪಿಸುಗುಟ್ಟಿದ್ದನ್ನು ಅತ್ಯಂತ ಗೌರವದಿಂದ ಪರಿಶೀಲಿಸಿದ್ದೇನೆ. ಫೋನಿನಲ್ಲಿ ಹೇಳಿದರೆ ಅವಳು ಕೇಳಿಸಿಕೊಂಡಾಳು. ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಅದಕ್ಕೇ ಈ ಪತ್ರ. ಅಕ್ಷರ ಕಲಿಸದ ಅಪ್ಪನಿಗೆ ಇಷ್ಟು ವರ್ಷದಲ್ಲಿ ಸಿಕ್ಕ ಏಕೈಕ ಲಾಭ ಇದು.

ನನ್ನನ್ನೇ ಏಕೆ ಕೇಳಿದೆ ಎಂಬುದು ಅರ್ಥವಾಯಿತು. ನಾನು ಬಿಲ್ಲು ಹಿಡಿದವನಲ್ಲ, ಮೊಟ್ಟೆಯನ್ನೂ ಮುಟ್ಟಿದವನಲ್ಲ. ಆದರೆ ಮೂವತ್ತೊಂದು ವರ್ಷ, ಎಲೆ ಉದುರುವ ಕಾಲ ಬಂತೆಂದರೆ, ಮರದಿಂದ ಬಿದ್ದ ಬೇಟೆಗಾರರ ಹಿಮ್ಮಡಿ, ಸೊಂಟ, ಬೆನ್ನುಮೂಳೆ ಜೋಡಿಸಿದ್ದೇನೆ. ಆ ಸೀಸನ್ನಿನಲ್ಲಿ ಜಿಂಕೆಗಳಿಗಿಂತ ಬೇಟೆಗಾರರೇ ಹೆಚ್ಚು ಉರುಳುತ್ತಾರೆಂದು ನನ್ನ ನಂಬಿಕೆ. ಎಕ್ಸ್‌ರೇ ಕೋಣೆಗೆ ಜಿಂಕೆ ಬರುವುದಿಲ್ಲ, ಅದಕ್ಕೂ ಇರಬಹುದು.

ಶನಿವಾರ ಅಂಗಡಿಗೆ ಹೋದೆ. ಕೌಂಟರಿನಾತ ಕುಂಟುತ್ತ ಬಂದ. ನೋಡಿದರೆ ನಾನೇ ಸ್ಕ್ರೂ ಹಾಕಿದ ಕಾಲು. "ಡಾಕ್, ಯೂ ಟೂ?" ಎಂದು ಮರುಕದಿಂದ ನೋಡಿದ. ಅಳಿಯನಿಗೆ ಎಂದ ಮೇಲೆ ಒಂದೊಂದನ್ನೂ ಬಿಚ್ಚಿ ತೋರಿಸಿದ. ಮರಕ್ಕೆ ತಿರುಪುವ ಮೆಟ್ಟಿಲು ಎಲ್ಲಕ್ಕಿಂತ ಅಗ್ಗ, ಆದರೆ ಬೇಡ. ಮರಕ್ಕೂ ಗಾಯ, ಜಾರಿದರೆ ನಿನಗೂ ಗಾಯ. ಕಾಂಡಕ್ಕೆ ಪಟ್ಟಿಯಿಂದ ಬಿಗಿಯುವ ಅಲ್ಯೂಮಿನಿಯಂ ಕೋಲು, ಎರಡೂ ಕಡೆ ಕಾಲಿಡಲು ಜಾಗವಿರುವಂಥದ್ದು, ನಾಲ್ಕು ಸಾಕು. ಹಳೇ ಮಾಡೆಲ್ ಆದರೂ ಚಿಂತೆಯಿಲ್ಲ. ತೂಕ ತುಸು ಜಾಸ್ತಿ, ನೀನೂ ಹಾಗೇ ಇದ್ದೀಯ. ಮೇಲೆ ನಿಲ್ಲುವ ಹಲಗೆ ಎರಡು ಬೂಟು ಪಕ್ಕಪಕ್ಕ ಹಿಡಿಯುವಷ್ಟು ಅಗಲವಿರಲಿ, ಮೈ ತರಿತರಿಯಾಗಿರಲಿ. ಒಂದನ್ನು ಅಂಗಡಿಯ ಕಂಬಕ್ಕೆ ಕಟ್ಟಿಸಿ, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ನೆಲದಿಂದ ಒಂಬತ್ತು ಇಂಚು ಎತ್ತರದಲ್ಲಿ ನಾನೇ ನಿಂತು ನೋಡಿದೆ. ಜನ ಸೇರಿದ್ದರು. ಮೈಗೆ ಕಟ್ಟುವ ಬೆಲ್ಟು, ಅದನ್ನು ಮರಕ್ಕೆ ಬಿಗಿಯುವ ಹಗ್ಗ, ಇವೆರಡರಲ್ಲಿ ಮಾತ್ರ ಜಿಪುಣತನ ಬೇಡ. ನೆಲದ ಮೇಲಿದ್ದಾಗಲೇ ಕಟ್ಟಿಕೊ; ಮತ್ತೆ ನೆಲ ಮುಟ್ಟುವವರೆಗೆ ಬಿಚ್ಚಬೇಡ.

ನಿಮ್ಮಿಬ್ಬರಿಗೂ ನಮ್ಮಿಬ್ಬರ ಆಶೀರ್ವಾದ. ನಿನ್ನ ಹಿಮ್ಮಡಿಗಳಿಗೆ ಪ್ರತ್ಯೇಕವಾಗಿ.

ಇತಿ ನಿನ್ನ ಮಾವ,
ರಘುನಾಥ

ವಿ.ಸೂ.: ಲಕೋಟೆ ಅಂಟಿಸುವ ಮುನ್ನ ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಮೂಳೆ ಕೂಡಿಸಿದವರಲ್ಲಿ ಬಹಳಷ್ಟು ಜನ ನಡೆದೇ ಮನೆಗೆ ಹೋದರು. ಇಬ್ಬರು ಮಾತ್ರ ನನ್ನ ಕೈ ಮೀರಿದರು. ಅವರ ಮೆಟ್ಟಿಲು ದುಬಾರಿಯದೇ ಆಗಿತ್ತು. ಬಿದ್ದವರು ಮರುದಿನದವರೆಗೆ ಕಾಡಿನಲ್ಲೇ ಇದ್ದರು. ಯಾವ ಮರ ಹತ್ತಿದ್ದಾರೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹತ್ತುವ ಮುಂಚೆ ಚಿತ್ರಾಳಿಗೆ ಆ ಮರ ತೋರಿಸು. ಬೈಯುತ್ತಾಳೆ. ಬೈಸಿಕೊಂಡು ಹತ್ತು. ಭಾನುವಾರದೊಳಗೆ ನೀನು ಹೇಳದಿದ್ದರೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಆಮೇಲೆ ಇಬ್ಬರೂ ಕೂತು ಬೈಸಿಕೊಳ್ಳೋಣ.