ಕರೆಂಟಿನ ತಿತ್ತಿ

೧೨ ನವೆಂಬರ್, ಬುಧವಾರ

ಆ ಗುಂಯ್ ಎನ್ನುವ ಸದ್ದು ಇನ್ನೂ ಕಿವಿ ಬಿಟ್ಟಿಲ್ಲ. ಉಬ್ಬಸ ಹೆಚ್ಚಿ, ಶ್ರುತಿ, ರಾಗ ಎರಡನ್ನೂ ನುಡಿಸುವ ಚರ್ಮದ ತಿತ್ತಿ ವಾದ್ಯ ಊದಬಾರದೆಂದು ಡಾಕ್ಟರು ಹೇಳಿದ ಮೇಲೆ ಮಲ್ಲಯ್ಯ ಭಾವ ನಾನು ಊರೂರಲ್ಲಿ ಹೇಳುವ ಕಥೆಗೆ ಬಂದು ಕೂರುವುದನ್ನೇ ಬಿಟ್ಟಿದ್ದರು. ಅವರ ಸೊಸೆ ಸಹನ ತರಿಸಿಕೊಟ್ಟ ಎಲೆಕ್ಟ್ರಾನಿಕ್ ತಿತ್ತಿಗೆ ಉಸಿರು ಬೇಡ, ಬೆರಳಾಡಿಸಿದರೆ ಸಾಕು. ಶನಿವಾರ ತಿಗನಾರೆಯಲ್ಲಿ ಕಥೆ ಇದೆ. ಇದು ಒಗ್ಗದಿದ್ದರೆ ಭಾವ ಇನ್ನೆಂದೂ ಬರುವುದಿಲ್ಲ ಎಂಬ ಅಳುಕಿನಲ್ಲೇ ಅವರ ಮನೆಗೆ ಹೋದೆ.

ಅದಕ್ಕೆ ಎರಡು ಸ್ಪೀಕರು ಜೋಡಿಸಿದ್ದರು. ಮೊದಲು ಶ್ರುತಿ ಒಂದರಿಂದ, ರಾಗ ಇನ್ನೊಂದರಿಂದ ಬಂತು.

"ನಾನೊಬ್ಬ ಕೂತಿವ್ನಿ, ಸದ್ದು ಎಲ್ಡು ಕಡೆಯಿಂದ ಬತ್ತದಲ್ಲವ್ವಾ!" ಎಂದರು ಭಾವ.

ಸಹನ ಸ್ಟೀರಿಯೊ ಆಫ್ ಮಾಡಿ ಎರಡನ್ನೂ ಒಂದೇ ಕಡೆಗೆ ತಂದಳು. ಸದ್ದಿಗೆ ಮಾರ್ದನಿ ಸೇರಿಸುವ ರಿವರ್ಬ್ ಮಾತ್ರ ಹಾಗೇ ಇತ್ತು. ಗುಡಿಯೊಳಗೆ ಕೂಗಿದಂತೆ ಪ್ರತಿ ಸ್ವರವೂ ಬಾಲ ಎಳೆಯುತ್ತಿತ್ತು. ಕೇಳುವವರು ಹೂಂಗುಟ್ಟಲೆಂದು ನಾನು ಮಾತು ನಿಲ್ಲಿಸುವ ಜಾಗವನ್ನೆಲ್ಲ ಅದೇ ತುಂಬುತ್ತಿತ್ತು.

"ಪೂರ್ತಿ ಇಳ್ಸವ್ವ," ಎಂದೆ. ಸೊನ್ನೆಗೆ ಇಳಿಸಿದಳು.

ಕಥೆಯಲ್ಲಿ ಅಣ್ಣ ತಂಗಿ ಕಾಡು ದಾಟುವ ಸಾಲು ಹೇಳಿ ನಿಲ್ಲಿಸಿದೆ. ಪಕ್ಕದಿಂದ ಮೆಲ್ಲಗೆ "ಊಂ" ಎಂದು ಕೇಳಿತು. ಭಾವ! ಇಷ್ಟು ವರ್ಷ ಪಕ್ಕದಲ್ಲೇ ಕೂತರೂ ಬಾಯಲ್ಲಿ ತಿತ್ತಿಯ ಕೊಳವೆ ಇರುತ್ತಿದ್ದುದರಿಂದ ಅವರು ಒಮ್ಮೆಯೂ ನನ್ನ ಕಥೆಗೆ ಹೂಂಗುಟ್ಟಿದವರಲ್ಲ.

"ಆಗ್ಲಿಂದ್ಲೂ ಊಂ ಅಂತಾನೆ ಇವ್ನಿ ಕಣ್ಲಾ ಬಾಮೈದ, ಈ ಪೆಟ್ಗೆ ಕೇಳ್ಸಕ್ ಬುಟ್ರೆ ತಾನೆ! ಯಾಕ್ ನಿಲ್ಸ್ದೆ? ಮುಂದುಕ್ ಯೋಳು."

ನನಗೆ ಮುಂದಿನ ಸಾಲೇ ಮರೆತುಹೋಗಿತ್ತು. ಸಹನಳ ಹೊಟ್ಟೆ ತಣ್ಣಗಿರಲಿ.

ಶನಿವಾರ ಬರುತ್ತೀರಾ ಭಾವ ಎಂದು ಕೇಳಿದೆ. ಅದಕ್ಕೂ ಊಂ ಎಂದರು.