ಕೊಬ್ಬರಿ ಎಣ್ಣೆಯ ಬ್ರೇಕು

ತುಡಿಯಲೂರು
30 ಡಿಸೆಂಬರ್ 1985

ಪ್ರೀತಿಯ ತಮ್ಮ ಕೃಷ್ಣಸಾಮಿಗೆ,

ಮಲೇರಿಯಾ ಪೂರ್ತಿ ಇಳಿಯಿತೇ? ಪಂಕಜಂ ರಸಂ ಅನ್ನ ಬಿಟ್ಟು ಬೇರೇನೂ ಕೊಡುತ್ತಿಲ್ಲ ಎಂದು ದೂರಿದ್ದೀಯಂತೆ. ಅವಳು ಮಾಡುತ್ತಿರುವುದೇ ಸರಿ, ಇನ್ನೂ ಒಂದು ವಾರ ಹಾಗೇ ಇರು. ನೈರೋಬಿಯಲ್ಲಿ ಈಗ ಬಿಸಿಲಂತೆ. ಇಲ್ಲಿ ಮಾರ್ಗಳಿ ತಿಂಗಳು ಹುಟ್ಟಿದೆ, ಬೆಳಗಿನ ಹೊತ್ತು ಕೈ ಮರಗಟ್ಟುತ್ತದೆ. ಅಮ್ಮ ಕತ್ತಲಲ್ಲೇ ಎದ್ದು ಬಾಗಿಲಿಗೆ ರಂಗೋಲಿ ಹಾಕುತ್ತಾಳೆ. ಮಂಡಿನೋವೆಲ್ಲ ನಮ್ಮ ಹತ್ತಿರ ಹೇಳಿಕೊಳ್ಳಲಿಕ್ಕೆ ಮಾತ್ರ, ನೆಲದ ಹತ್ತಿರ ಹೇಳುವುದಿಲ್ಲ. ನಿನ್ನ ಭಾವ ಕ್ಷೇಮ. ನೀನು ಅವರಿಗೆ ತಮಿಳಿನಲ್ಲಿ ಬರೆದ ಪತ್ರವನ್ನು ಊಟಕ್ಕೆ ಕೂತಾಗ ಗಟ್ಟಿಯಾಗಿ ಓದಿ, ಮಡಿಸಿ ಜೇಬಿಗಿಟ್ಟುಕೊಂಡು, “ನೋಡು, ನಿನ್ನ ತಮ್ಮನೇ ಹೇಳ್ಬಿಟ್ಟ” ಅಂದು ಮಜ್ಜಿಗೆ ಕೇಳಿದರು. ಕೊಟ್ಟೆ. ಆದರೆ ಈ ಉತ್ತರವನ್ನು ಅಜ್ಜಿ ಕಲಿಸಿದ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ನಮ್ಮ ಕುಟುಂಬದಲ್ಲಿ ಇದನ್ನು ಓದಬಲ್ಲವರು ನಾವಿಬ್ಬರೇ ಆದ್ದರಿಂದ ಮನಸ್ಸು ಬಿಚ್ಚಿ ಬಯ್ಯಬಹುದು.

ನೀನು ಬರೆದದ್ದು ಇಷ್ಟು: ಕಾಂಗೇಯದ ಚಿಕ್ಕಪ್ಪನ ಮಗ ವೆಲ್ಲಿಂಗಿರಿಗೆ ತೈ ತಿಂಗಳಲ್ಲಿ ಮದುವೆ. ಮದುವೆಯಾದ ಮೇಲೆ ಅವನೂ ಹುಡುಗಿ ಮಲ್ಲಿಗಾಳೂ ಊಟಿಗೆ ಹೋಗಿಬರಲು ನಿನ್ನ ಎಂ.ಜಿ. ಕಾರನ್ನು ಕೊಡಬೇಕು. ಅಕ್ಕನಿಗೆ ಸುಮ್ಮಸುಮ್ಮನೆ ಭಯ, ನಾನು ಇಲ್ಲಿಗೆ ಬಂದು ಒಂಬತ್ತು ವರ್ಷದಲ್ಲಿ ಆ ಕಾರಿಗೆ ಏನೂ ಆಗಿಲ್ಲವಲ್ಲ ಎಂದೂ ಸೇರಿಸಿದ್ದೀಯ. ಕೃಷ್ಣಾ, ಆ ಸಾಲನ್ನು ನೀನೇ ಇನ್ನೊಮ್ಮೆ ಓದಿ ನೋಡು. ಏನೂ ಆಗಿಲ್ಲ ನಿಜ. ಏನೂ ಆಗದೆ ಇದ್ದದ್ದು ತಾನಾಗಿಯೇ ಆಯಿತೇ? ವಾಲ್ಪಾರೈ ತೋಟದ ದೊರೆ ಊರಿಗೆ ಹೊರಟಾಗ ನೀನು ಆಸೆಪಟ್ಟು ಕೊಂಡ ಕಾರು ಅದು. ಎರಡೇ ಸೀಟು, ಬಟ್ಟೆಯ ಮೇಲುಹೊದಿಕೆ, ನೆಲಕ್ಕೆ ಅಂಟಿಕೊಂಡು ಓಡುವ ರೇಸಿನ ಜಾತಿ. ನೀನು ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ಹೋಗುವಾಗ ಬೀಗದ ಕೈಯ ಜೊತೆ ಅದರ ದಪ್ಪ ಪುಸ್ತಕವನ್ನೂ ನನ್ನ ಕೈಗಿಟ್ಟು ಹೋದೆ. ಕಾನ್ವೆಂಟಿನಲ್ಲಿ ಅಷ್ಟು ವರ್ಷ ಕಲಿತ ಇಂಗ್ಲಿಷು ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಪುಸ್ತಕಕ್ಕೇ.

ಅಮಾವಾಸ್ಯೆಯ ದಿನ ನೇಕಾರರು ಮಗ್ಗಕ್ಕೆ ಕೈಹಚ್ಚುವುದಿಲ್ಲ, ನಿನಗೆ ಗೊತ್ತೇ ಇದೆ. ಅಪ್ಪ ಆ ದಿನ ಮಗ್ಗವನ್ನು ಒರೆಸಿ, ಸಡಿಲವಾದದ್ದನ್ನು ಬಿಗಿದು, ಎಣ್ಣೆ ಹಾಕಿ ಆಮೇಲೆಯೇ ಊಟಕ್ಕೆ ಕೂರುತ್ತಿದ್ದರು. ನಮ್ಮ ಮಗ್ಗದ ಶೆಡ್ಡಿನಲ್ಲೂ ಅವತ್ತು ರಜ. ನಾನು ಸೀರೆ ಸೆರಗು ಸಿಕ್ಕಿಸಿಕೊಂಡು ಕಾರಿನ ಹತ್ತಿರ ಹೋಗುತ್ತೇನೆ. ಎಂಜಿನ್ ಆಯಿಲ್ ನೋಡುತ್ತೇನೆ, ಗ್ರೀಸ್ ಹಾಕುತ್ತೇನೆ, ರೇಡಿಯೇಟರಿನ ರಬ್ಬರ್ ಪೈಪು ಬಿರುಕು ಬಿಟ್ಟಿದೆಯೇ ಎಂದು ಅದುಮಿ ನೋಡುತ್ತೇನೆ. ಬ್ರೇಕ್ ಆಯಿಲನ್ನು ಪೊಂಗಲ್ ಮುಗಿದ ಕೂಡಲೇ ಪ್ರತಿ ವರ್ಷ ಪೂರ್ತಿ ಬದಲಾಯಿಸುತ್ತೇನೆ, ಹಳೆಯದು ನೀರು ಹಿಡಿದುಕೊಳ್ಳುತ್ತದೆ. ಕೆಟ್ಟ ಮೇಲೆ ಸರಿಮಾಡುವವನಿಗೆ ಊರೆಲ್ಲ ಹೊಗಳಿಕೆ. ಕೆಡದಂತೆ ನೋಡಿಕೊಂಡವಳಿಗೆ “ಓಡೋ ವಂಡಿನ ಯಾಕಕ್ಕಾ ಬಿಚ್ತೀಯ?” ಎಂಬ ಪ್ರಶ್ನೆ. ಅಮ್ಮನಂತೂ ಪಕ್ಕದ ಮನೆಯವರಿಗೆ ಕೇಳುವಂತೆಯೇ ಹೇಳುತ್ತಾಳೆ: “ಆ ತಗಡಿಗೆ ಮಾಡೋ ಉಪಚಾರ ಗಂಡನಿಗೆ ಮಾಡಿದ್ರೆ ಅವನು ಇನ್ನೂ ನಾಕು ಕೆಜಿ ದಪ್ಪ ಆಗಿರೋನು.”

ಈಗ ನಡೆದದ್ದು ಕೇಳು. ಕಾರ್ತಿಗೈಯಲ್ಲಿ ನಾನು ಅತ್ತೆಯನ್ನು ಕರೆದುಕೊಂಡು ಆನೈಮಲೈಗೆ, ಮಾಸಾಣಿ ಅಮ್ಮನ ದರ್ಶನಕ್ಕೆ ಹೋಗಿದ್ದೆ. ಆ ಹೊತ್ತಿಗೆ ವೆಲ್ಲಿಂಗಿರಿ ಬಂದು ಕೇಳಿದನಂತೆ, ನಿನ್ನ ಭಾವ ಬೀಗದ ಕೈ ಕೊಟ್ಟರಂತೆ. ಅವನು ಕಾರನ್ನು ಕಾಂಗೇಯಕ್ಕೆ ಒಯ್ದು “ಸರ್ವಿಸ್” ಮಾಡಿ ತಂದು ನಿಲ್ಲಿಸಿದ. ಸರ್ವಿಸ್ ಎಂದರೆ ಬಣ್ಣ ಹೊಳೆಯುವಂತೆ ಪಾಲಿಶು, ಲಾರಿಯ ಹಾಗೆ ಕೂಗುವ ಹೊಸ ಹಾರ್ನು, ಮುಂದುಗಡೆ ಮೂರು ಬೆರಳು ವಿಭೂತಿ. ನನಗೂ ಚೆನ್ನಾಗಿಯೇ ಕಂಡಿತು, ಸುಳ್ಳೇಕೆ ಹೇಳಲಿ. ಈ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಬ್ರೇಕ್ ಆಯಿಲಿನ ಮುಚ್ಚಳ ತೆಗೆದರೆ ಒಳಗೆ ಬೆಳ್ಳಗೆ, ಗಟ್ಟಿಯಾಗಿ, ತುಪ್ಪದ ಹಾಗೆ ಏನೋ ಕೂತಿದೆ. ಬೆರಳಲ್ಲಿ ತೆಗೆದು ಮೂಸಿ ನೋಡಿದೆ. ಕೊಬ್ಬರಿ ಎಣ್ಣೆ!

ಟ್ರಂಕ್ ಕಾಲ್ ಮಾಡಿ ಕೇಳಿದರೆ ಅವನಿಗೆ ನಗು. ಆಯಿಲ್ ಕಡಿಮೆ ಇತ್ತಂತೆ, ಚಿಕ್ಕಪ್ಪನ ಎಣ್ಣೆ ಮಿಲ್ಲಿನ ಟಿನ್ನಿನಿಂದ ತುಂಬಿದನಂತೆ. “ಎಣ್ಣೆ ಎಣ್ಣೆನೇ ತಾನೇ ಅಕ್ಕಾ? ಅದೂ ನಮ್ಮ ಗಾಣದ್ದು, ಒಂದು ತೊಟ್ಟು ಕಲಬೆರಕೆ ಇಲ್ಲ” ಅಂದ. ಮಾರ್ಗಳಿಯಲ್ಲಿ ತಲೆಗೆ ಹಚ್ಚುವ ಎಣ್ಣೆ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸದ ಮನೆ ಈ ಜಿಲ್ಲೆಯಲ್ಲಿದೆಯೇ? ಎಣ್ಣೆ ಮಿಲ್ಲಿನಲ್ಲೇ ಹುಟ್ಟಿ ಬೆಳೆದವನಿಗೆ ಅದು ಹೊಳೆಯಲಿಲ್ಲ. ತುಡಿಯಲೂರಿನ ಚಳಿಗೇ ಹೀಗೆ ಗಟ್ಟಿಯಾದದ್ದು ಊಟಿಯಲ್ಲಿ ಒಂದು ರಾತ್ರಿ ನಿಂತರೆ ಏನಾಗುತ್ತದೆ? ಮರುದಿನ ಬೆಳಿಗ್ಗೆ ಅವರಿಬ್ಬರೂ ಕೂನೂರಿನ ತಿರುವುಗಳನ್ನು ಯಾವ ಬ್ರೇಕು ನಂಬಿ ಇಳಿಯಬೇಕು? ಒಂದು ಚಕ್ರ ಬಿಚ್ಚಿಯೂ ನೋಡಿದೆ. ಬ್ರೇಕಿನೊಳಗಿನ ಪುಟ್ಟ ಬಟ್ಟಲಿನಂಥ ರಬ್ಬರ್ ಕಪ್ ಆ ಎಣ್ಣೆ ಕುಡಿದು ನೆನೆದ ಕಡಲೆಯಂತೆ ಊದಿಕೊಂಡಿದೆ. ಎಣ್ಣೆಯನ್ನು ಚೆಲ್ಲಿ ಹೊಸದು ತುಂಬಿದರೆ ಸಾಲದು. ಆ ರಬ್ಬರುಗಳನ್ನೆಲ್ಲ ತೆಗೆದುಹಾಕಬೇಕು, ಅವು ಇಲ್ಲಿ ಸಿಗುವುದಿಲ್ಲ.

ಇದನ್ನು ನಿನ್ನ ಭಾವನಿಗೆ ಹೇಳಿದೆ, ಅಮ್ಮನಿಗೆ ಹೇಳಿದೆ. ಕಾಂಗೇಯದಿಂದ ಬಂದ ಮಾತು: “ಪೊಂಬಳೆ ಪೇಚ್ಚು ಕೇಳಿ ಯಾರಾದ್ರೂ ವಂಡಿ ನಿಲ್ಲಿಸ್ತಾರಾ?” ಹೆಂಗಸಿನ ಮಾತಂತೆ. ಅವರು ನಿನಗೂ ಬರೆದಿರಬೇಕು, ಹಿಂದೆಯೇ ನಿನ್ನ ಅಪ್ಪಣೆಯೂ ಬಂತು, ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ತಿಳಿಯದ ನಿನ್ನ ಭಾವನ ಹೆಸರಿಗೆ. ನನ್ನನ್ನು ಒಂದು ಮಾತು ಕೇಳಬೇಕೆಂದು ನಿನಗೆ ಅನ್ನಿಸಲೇ ಇಲ್ಲವಲ್ಲ.

ಎರಡು ದಿನ ನನ್ನನ್ನೇ ಕೇಳಿಕೊಂಡೆ. ನಾನು ಕಾಯುತ್ತಿರುವುದು ಆ ಮಕ್ಕಳ ಜೀವವನ್ನೋ, ಕಾರಿನ ಮೇಲಿನ ನನ್ನ ಹಿಡಿತವನ್ನೋ? ಭಾನುವಾರ ಬೆಳಿಗ್ಗೆ ಅದನ್ನು ನಾನೇ ಓಡಿಸಿಕೊಂಡು ಹೋಗುವಾಗಿನ ಸಂತೋಷವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲು ಮನಸ್ಸಿಲ್ಲದೆ ಈ ನೆಪ ಹೂಡುತ್ತಿದ್ದೇನೆಯೇ? ಸ್ವಲ್ಪ ಅದೂ ಇರಬಹುದು, ಇಲ್ಲ ಎನ್ನಲಾರೆ. ಆದರೆ ನನ್ನ ಮನಸ್ಸು ಶುದ್ಧವಾದ ಮಾತ್ರಕ್ಕೆ ಬ್ರೇಕು ಹಿಡಿಯುವುದಿಲ್ಲ, ಅಶುದ್ಧವಾದ ಮಾತ್ರಕ್ಕೆ ನಾನು ಹೇಳಿದ್ದು ಸುಳ್ಳೂ ಆಗುವುದಿಲ್ಲ. ಬೀಗದ ಕೈ ನನ್ನ ಹತ್ತಿರವೇ ಇದೆ. ಕೊಡುವುದಿಲ್ಲ. ಮದುವೆಮನೆಯಲ್ಲಿ ಎಲ್ಲರೂ ನನ್ನನ್ನು ಬಿಟ್ಟು ಮಾತಾಡಿದರೂ ಸರಿ.

ಪಂಕಜಂಗೆ ನನ್ನ ಆಶೀರ್ವಾದ. ಔಷಧಿ ತಪ್ಪಿಸಬೇಡ, ಹೊಟ್ಟೆ ತುಂಬ ಉಣ್ಣು. ಮಾಸಾಣಿ ಅಮ್ಮ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ಕೋಪದಲ್ಲಿ ಬರೆದಿದ್ದೇನೆ, ಆದರೆ ಯಾವ ಸಾಲನ್ನೂ ಹೊಡೆದುಹಾಕುವುದಿಲ್ಲ.

ನಿನ್ನ ಅಕ್ಕ,
ರುಕ್ಮಣಿ

ಮರುದಿನ ಬೆಳಿಗ್ಗೆ, ಅಂಚೆಗೆ ಹಾಕುವ ಮುಂಚೆ: ಈಗಷ್ಟೇ ವೆಲ್ಲಿಂಗಿರಿ ಬಂದಿದ್ದ, ನೀನೇ ಹೇಳಿದ್ದೀಯೆಂದು ಕಾರು ಕೇಳಲು. ನಾನು ವಾದ ಮಾಡಲಿಲ್ಲ. ಶೆಡ್ಡಿಗೆ ಕರೆದೊಯ್ದು, ಸೀಟಿನಲ್ಲಿ ಕೂರಿಸಿ, ಬ್ರೇಕ್ ಒತ್ತು ಅಂದೆ. ಒತ್ತಿದ. ಕಾಲು ತೆಗಿ ಅಂದೆ. ತೆಗೆದ. ಪೆಡಲು ಮೇಲಕ್ಕೆ ಬರಲಿಲ್ಲ, ಕೆಳಗೇ ಕೂತುಬಿಟ್ಟಿತು. ಕಾಲಿನ ತುದಿಯಿಂದ ಅದನ್ನು ಮೇಲೆತ್ತಲು ನೋಡಿ, “ಅಕ್ಕಾ, ಊಟಿ ಬಸ್ಸು ಇಲ್ಲಿ ನಿಲ್ತದಾ?” ಅಂದ. ಅವನಿಗೆ ಅಷ್ಟು ಸಾಕಾಯಿತು. ನೈರೋಬಿಯಿಂದ ನಿನ್ನ ಕಾಲು ಈ ಪೆಡಲಿಗೆ ಎಟುಕುವುದಿಲ್ಲ, ನೀನು ನನ್ನ ಮಾತನ್ನೇ ನಂಬಬೇಕು. ನಾಲ್ಕು ಚಕ್ರಕ್ಕೂ ಬ್ರೇಕಿನ ರಬ್ಬರ್ ಕಪ್‌ಗಳನ್ನು, ಮಾಸ್ಟರ್ ಸಿಲಿಂಡರಿನದನ್ನೂ ಸೇರಿಸಿ, ಅಲ್ಲಿಂದ ಕಳಿಸು. ಪಾರ್ಸಲ್ಲಿನ ಮೇಲೆ ನಿನ್ನ ಭಾವನ ಹೆಸರು ಬೇಡ. ನನ್ನ ಹೆಸರು ಬರೆ.